ಒಂದೇ ಎಲೆಯನ್ನು ನಂಬಿದ ಪತಂಗ: ಮನೆಯಲ್ಲಿ ರೇಷ್ಮೆ ಹುಳು ಸಾಕಿ ನೋಡುವುದು ಹೇಗೆ

ರೇಷ್ಮೆ ಹುಳು ಸಾಕಬೇಕು ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಒಂದೇ ಮಾತು: ಎಲೆ ಎಲ್ಲಿಂದ ತರುತ್ತೀರಿ? ಮೊಟ್ಟೆ ಹೇಗೋ ಸಿಗುತ್ತದೆ. ರಟ್ಟಿನ ಡಬ್ಬ ಎಲ್ಲರ ಮನೆಯಲ್ಲೂ ಇರುತ್ತದೆ. ಎಲೆಯ ಮಾತು ಹಾಗಲ್ಲ. ತಾಜಾ ಹಿಪ್ಪುನೇರಳೆ ಎಲೆ ದಿನಕ್ಕೆ ಮೂರು ನಾಲ್ಕು ಸಲ, ಸುಮಾರು 25 ದಿನ, ಒಂದು ಹೊತ್ತೂ ತಪ್ಪದೆ ಬೇಕು. ಈ ಹುಳು ಬೇರೆ ಸೊಪ್ಪು ತಿಂದು ಬದುಕುವುದಿಲ್ಲ. ತೀರಾ ಹಸಿವಾದರೆ ಲೆಟ್ಯೂಸ್ ಸೊಪ್ಪಿಗೆ ಬಾಯಿ ಹಾಕುವುದುಂಟು, ಆದರೆ ಅದನ್ನು ತಿಂದು ಸರಿಯಾಗಿ ಬೆಳೆಯುವುದಿಲ್ಲ. ನೀರೂ ಕುಡಿಯುವುದಿಲ್ಲ, ಎಲೆಯೊಳಗಿನ ನೀರೇ ಸಾಕು. ರೆಕ್ಕೆ ಬಂದ ಮೇಲಂತೂ ಪತಂಗ ಏನನ್ನೂ ಮುಟ್ಟುವುದಿಲ್ಲ, ತಿನ್ನುವ ಬಾಯೇ ಅದಕ್ಕಿಲ್ಲ. ಅಂದರೆ ಅದರ ಮೈ, ರೆಕ್ಕೆ, ಮೀಟರುಗಟ್ಟಲೆ ನೂಲು, ಹೊಟ್ಟೆ ತುಂಬ ಮೊಟ್ಟೆ, ಎಲ್ಲವೂ ಹುಳುವಾಗಿದ್ದಾಗ ತಿಂದ ಆ ಒಂದು ಗಿಡದ ಎಲೆಯಿಂದಲೇ ಆಗಬೇಕು.

ಅದಕ್ಕೇ ಹೇಳುವುದು, ಇಲ್ಲಿ ನೀವು ಸಾಕಬೇಕಾದದ್ದು ಹುಳುವನ್ನಲ್ಲ, ಎಲೆಯನ್ನು. ಎಲೆ ಚೆನ್ನಾಗಿದ್ದರೆ ಹುಳು ತನ್ನ ಪಾಡು ತಾನು ನೋಡಿಕೊಳ್ಳುತ್ತದೆ.

ಇದು ನೂಲಿಗಾಗಿ ನೂರಾರು ಮೊಟ್ಟೆ ಸಾಕುವವರಿಗೆ ಬರೆದದ್ದಲ್ಲ. ಒಂದು 20–30 ಹುಳು ಇಟ್ಟುಕೊಂಡು, ಮೊಟ್ಟೆಯಿಂದ ಮೊಟ್ಟೆಯವರೆಗೆ ಕಣ್ಣಾರೆ ನೋಡಬೇಕು ಅನ್ನುವವರಿಗೆ. ಮಕ್ಕಳಿದ್ದರೆ ಇನ್ನೂ ಒಳ್ಳೆಯದು, ಅವರು ನಮಗಿಂತ ಚೆನ್ನಾಗಿ ನೋಡುತ್ತಾರೆ.

ಯಾಕೆ ಒಂದೇ ಗಿಡ?

ಕೆಲಸ ಶುರು ಮಾಡುವ ಮುಂಚೆ ಇದೊಂದು ತಿಳಿದಿರಲಿ, ಯಾಕಂದರೆ ಮುಂದೆ ಮಾಡುವುದೆಲ್ಲ ಇದರ ಮೇಲೆ ನಿಂತಿದೆ. ಹಿಪ್ಪುನೇರಳೆ ಎಲೆಯನ್ನು ಕಿತ್ತ ಜಾಗದಲ್ಲಿ ಹಾಲಿನಂಥ ಸೊನೆ ಬರುತ್ತದೆ, ನೋಡಿರಬಹುದು. ಆ ಸೊನೆಯಲ್ಲಿ ಸಕ್ಕರೆಯ ವೇಷ ಹಾಕಿದ ಕೆಲವು ರಾಸಾಯನಿಕಗಳಿವೆ. ಬೇರೆ ಕಂಬಳಿಹುಳು ತಿಂದರೆ ಅವು ಹೊಟ್ಟೆಯೊಳಗೆ ಸಕ್ಕರೆ ಅರಗಿಸುವ ಕಿಣ್ವವನ್ನೇ ತಡೆದುಬಿಡುತ್ತವೆ, ಹುಳು ಬೆಳೆಯುವುದಿಲ್ಲ, ಕೊನೆಗೆ ಸಾಯುತ್ತದೆ. ಜಪಾನಿನ ವಿಜ್ಞಾನಿಗಳು 2006ರಲ್ಲಿ ಇದನ್ನು ತೋರಿಸಿದರು. ಹರಳು ಗಿಡದ ಎಲೆ ತಿನ್ನುವ ಎರಿ ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಎಲೆ ಕೊಟ್ಟರೆ ಸತ್ತಿತು. ಅದೇ ಎಲೆಯನ್ನು ಸಣ್ಣಗೆ ಹೆಚ್ಚಿ, ಸೊನೆ ತೊಳೆದು ಕೊಟ್ಟರೆ ಆರಾಮಾಗಿ ಬೆಳೆಯಿತು! ನಮ್ಮ ರೇಷ್ಮೆ ಹುಳುವಿಗೆ ಮಾತ್ರ ಆ ಸೊನೆ ಏನೂ ಮಾಡುವುದಿಲ್ಲ, ಅದರ ಕಿಣ್ವ ಆ ವಿಷಕ್ಕೆ ಬಗ್ಗುವಂಥದ್ದಲ್ಲ. ಬೇರೆಯವರಿಗೆ ಮುಚ್ಚಿದ ಬಾಗಿಲು ಇದಕ್ಕೆ ತೆರೆದಿದೆ. ಆದರೆ ಆ ಬಾಗಿಲು ಬಿಟ್ಟರೆ ಬೇರೆ ಬಾಗಿಲೂ ಇಲ್ಲ.

ಹುಳು ಎಲೆಯನ್ನು ಗುರುತಿಸುವುದು ವಾಸನೆಯಿಂದ, ಆಮೇಲೆ ರುಚಿಯಿಂದ. ಮಲ್ಲಿಗೆಯಲ್ಲೂ ಇರುವ ಒಂದು ಪರಿಮಳದ ಅಂಶ ಹಿಪ್ಪುನೇರಳೆ ಎಲೆಯಲ್ಲಿ ಬಹಳ ಸಣ್ಣ ಪ್ರಮಾಣದಲ್ಲಿದೆ, ಹುಳು ಅದನ್ನು ಹಿಡಿದು ಎಲೆಯ ಕಡೆ ಬರುತ್ತದೆ. ಬಂದ ಮೇಲೆ ಕಚ್ಚುವುದಕ್ಕೆ ಬೇರೆ ಸುಳಿವು, ನುಂಗುವುದಕ್ಕೆ ಬೇರೆ ಸುಳಿವು. ಬಾಡಿದ ಎಲೆ, ಧೂಳು ಹಿಡಿದ ಎಲೆ, ಕೈಯಿಂದ ಸೋಪಿನ ವಾಸನೆ ಹತ್ತಿದ ಎಲೆ ಕೊಟ್ಟರೆ ಹುಳು ತಲೆ ಅತ್ತಿತ್ತ ಆಡಿಸಿ ಸುಮ್ಮನಾಗುವುದು ಇದಕ್ಕೇ.

ಮೊದಲು ಗಿಡ

ಗಿಡ ಇಲ್ಲದಿದ್ದರೆ ಮೊಟ್ಟೆ ತರಬೇಡಿ. ಹಿಪ್ಪುನೇರಳೆ ಕಡ್ಡಿಯಿಂದಲೇ ಸುಲಭವಾಗಿ ಬರುತ್ತದೆ. ಪೆನ್ಸಿಲ್ ದಪ್ಪದ, ಮೂರು ನಾಲ್ಕು ಕಣ್ಣಿರುವ, ಒಂದು ಗೇಣಿನಷ್ಟು ಉದ್ದದ ಕಡ್ಡಿ ತಗೊಳ್ಳಿ. ತೀರಾ ಎಳೆಯದು ಬೇಡ, ತೀರಾ ಬಲಿತದ್ದೂ ಬೇಡ. ಕಣ್ಣು ಮೇಲ್ಮುಖವಾಗಿರುವಂತೆ ನೆಟ್ಟು, ಒಂದು ಕಣ್ಣು ಮಾತ್ರ ಮಣ್ಣಿನ ಮೇಲೆ ಬಿಡಿ. ಮಣ್ಣು ತೇವ ಇರಲಿ, ನೀರು ನಿಲ್ಲಬಾರದು. ಕುಂಡದಲ್ಲೂ ಬರುತ್ತದೆ, ಆದರೆ ಕುಂಡ ದೊಡ್ಡದಿರಲಿ. ಹೊಸ ಗಿಡದಿಂದ ಕಿತ್ತು ಕಿತ್ತು ಕೊಡುವುದಕ್ಕೆ ಹಲವು ತಿಂಗಳು ಕಾಯಬೇಕಾಗುತ್ತದೆ, ಆತುರ ಬೇಡ.

ಎಷ್ಟು ಎಲೆ ಬೇಕು? ಒಂದು ಹುಳು ಇಡೀ ಜೀವನದಲ್ಲಿ ತಿನ್ನುವುದು ಸುಮಾರು 20–25 ಗ್ರಾಂ. ಕೇಳಲಿಕ್ಕೆ ಏನೂ ಅಲ್ಲ ಅನ್ನಿಸುತ್ತದೆ. ಆದರೆ ಅದರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ಕೊನೆಯ ಒಂದು ವಾರದಲ್ಲೇ ತಿನ್ನುತ್ತದೆ! ಮೊದಲ ಹದಿನೈದು ದಿನ ಒಂದು ಮುಷ್ಟಿ ಎಲೆಯಲ್ಲಿ ಮುಗಿಯುತ್ತದೆ, ಆಗ ‘ಇಷ್ಟೇನಾ’ ಅಂತ ನೂರು ಹುಳು ಇಟ್ಟುಕೊಂಡವರು ಕೊನೆಯ ವಾರ ಗಿಡ ಬೋಳು ಮಾಡಿ ಊರೆಲ್ಲ ಎಲೆ ಹುಡುಕುತ್ತಾರೆ. ಅದಕ್ಕೇ 30 ಹುಳುವಿಗಿಂತ ಜಾಸ್ತಿ ಬೇಡ ಅನ್ನುವುದು. 30 ಹುಳುವಿಗೆ ಒಣಗಿ ಹಾಳಾಗುವುದು, ಉಳಿಸುವುದು ಎಲ್ಲ ಸೇರಿ ಒಂದು ಕಿಲೋಗಿಂತ ಸ್ವಲ್ಪ ಜಾಸ್ತಿ ಎಲೆ ಕಣ್ಣಳತೆಯಲ್ಲಿ ಇರಲಿ.

ಎಲೆ ಕೀಳುವುದು ಬೆಳಿಗ್ಗೆ ತಂಪಿನಲ್ಲಿ ಅಥವಾ ಸಂಜೆ. ಬಿಸಿಲಲ್ಲಿ ಕಿತ್ತರೆ ಮನೆಗೆ ತರುವಷ್ಟರಲ್ಲೇ ಬಾಡುತ್ತದೆ. ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ನೆರಳಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಗಿಡಿದು ಕಟ್ಟಿಟ್ಟರೆ ಬಿಸಿಯಾಗಿ ಬೆವರುತ್ತದೆ, ಹಾಗೆ ಮಾಡಬೇಡಿ. ಧೂಳಿದ್ದರೆ ತೊಳೆಯಿರಿ, ಆದರೆ ನೀರು ಪೂರ್ತಿ ಆರಿದ ಮೇಲೇ ಹುಳುವಿಗೆ ಹಾಕಿ. ಎಲೆಯೊಳಗೆ ನೀರಿರಬೇಕು, ಎಲೆಯ ಮೇಲೆ ಅಲ್ಲ.

ರಸ್ತೆ ಬದಿಯ ಮರದಿಂದ, ಹೊಲದ ಅಂಚಿನ ಮರದಿಂದ ಎಲೆ ತರುವವರು ಪಕ್ಕದ ಬೆಳೆಗೆ ಔಷಧಿ ಹೊಡೆದಿದ್ದಾರಾ ಅಂತ ಕೇಳಿಯೇ ತನ್ನಿ. ಗುಮಾನಿ ಇದ್ದರೆ ಎರಡು ಹುಳುವಿಗೆ ಮಾತ್ರ ಕೊಟ್ಟು ಒಂದು ದಿನ ನೋಡಿ.

ಮೊಟ್ಟೆ ಒಡೆಯುವ ಬೆಳಿಗ್ಗೆ

ರೇಷ್ಮೆ ಸಾಕುವವರ ಹತ್ತಿರ ಕೇಳಿದರೆ ಮೊಟ್ಟೆಯೋ ಎರಡನೇ ಜ್ವರ (ಅಂದರೆ ಪೊರೆ ಬಿಡುವುದು) ಕಳೆದ ಎಳೆಯ ಹುಳು, ಅಂದರೆ ಚಾಕಿ ಹುಳುವೋ ಸಿಗುತ್ತದೆ. ಮೊದಲ ಸಲ ಸಾಕುವವರಿಗೆ ಚಾಕಿ ಹುಳು ಸುಲಭ. ಆದರೆ ಮೊಟ್ಟೆ ಒಡೆಯುವುದನ್ನು ನೋಡದೆ ಇರುವುದು ದೊಡ್ಡ ನಷ್ಟ ಅಂತಲೇ ನನ್ನ ಅಭಿಪ್ರಾಯ.

ಒಂದು ಮೊಟ್ಟೆ ಸುಮಾರು ಒಂದು ಮಿಲಿಮೀಟರ್. ಹತ್ತಿರ ಹತ್ತಿರ ಎರಡು ಸಾವಿರ ಮೊಟ್ಟೆ ಸೇರಿದರೆ ಒಂದು ಗ್ರಾಂ. 25 ಡಿಗ್ರಿ ಸೆಲ್ಸಿಯಸ್ ಸುಮಾರಿನಲ್ಲಿ ಇಟ್ಟರೆ 10–12 ದಿನಕ್ಕೆ ಒಡೆಯುತ್ತದೆ. ಒಡೆಯುವ ಒಂದೆರಡು ದಿನ ಮುಂಚೆ ಮೊಟ್ಟೆಯ ಒಂದು ಕಡೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಕಾಣುತ್ತದೆ. ಅದು ಒಳಗಿರುವ ಮರಿಯ ತಲೆ. ಭೂತಗನ್ನಡಿ ಹಿಡಿದು ನೋಡಿ, ಕಾಣದೆ ಇರುವುದಿಲ್ಲ.

ಆ ಚುಕ್ಕೆ ಬಹುತೇಕ ಮೊಟ್ಟೆಗಳಲ್ಲಿ ಕಂಡ ದಿನ ಮೊಟ್ಟೆ ಹಾಳೆಯನ್ನು ಕಪ್ಪು ಕಾಗದದಲ್ಲಿ ಸಡಿಲವಾಗಿ ಸುತ್ತಿ ಕತ್ತಲಲ್ಲಿಡಿ. ಮೊದಲೇ ತಯಾರಾದವು ಕತ್ತಲಲ್ಲಿ ತಡೆದು ನಿಲ್ಲುತ್ತವೆ, ಹಿಂದೆ ಬಿದ್ದವು ಅಷ್ಟರಲ್ಲಿ ಬಂದು ಸೇರುತ್ತವೆ. ಮರುದಿನವೋ ಅದರ ಮರುದಿನವೋ ಬೆಳಗಾಗುತ್ತಲೇ ತೆಗೆದು ಬೆಳಕಿಗೆ ಇಟ್ಟರೆ ಒಂದೆರಡು ಗಂಟೆಯೊಳಗೆ ಹೆಚ್ಚುಕಡಿಮೆ ಎಲ್ಲ ಒಟ್ಟಿಗೆ ಹೊರಗೆ ಬರುತ್ತವೆ. ಇದು ಸುಮ್ನೆ ಚಂದಕ್ಕೆ ಮಾಡುವುದಲ್ಲ. ಎಲ್ಲ ಒಂದೇ ದಿನ ಹುಟ್ಟಿದರೆ ಒಂದೇ ದಿನ ಜ್ವರಕ್ಕೆ ಕೂರುತ್ತವೆ, ಒಂದೇ ದಿನ ಏಳುತ್ತವೆ, ನಿಮ್ಮ ಕೆಲಸ ಅರ್ಧ ಆಗುತ್ತದೆ.

ಹುಟ್ಟಿದ ಮರಿ ಇರುವೆಯಂತೆ ಕಪ್ಪಗೆ, ಮೈತುಂಬ ಕೂದಲು, 3 ಮಿಲಿಮೀಟರ್ ಉದ್ದ. ಇದು ಮುಂದೆ ಸುಮಾರು ಹತ್ತು ಸಾವಿರ ಪಟ್ಟು ತೂಕ ಪಡೆಯುವ ಪ್ರಾಣಿ ಅಂತ ಅದನ್ನು ನೋಡಿದರೆ ಯಾರೂ ನಂಬುವುದಿಲ್ಲ. ಕೈಯಿಂದ ಮುಟ್ಟಬೇಡಿ. ತುದಿಯಿಂದ ಮೂರನೆಯದೋ ನಾಲ್ಕನೆಯದೋ ಆಗಿರುವ ಮೆತ್ತಗಿನ, ಹೊಳೆಯುವ ಎಲೆಯನ್ನು ಉಗುರಿನಷ್ಟು ಚೂರು ಮಾಡಿ ಮೊಟ್ಟೆ ಹಾಳೆಯ ಮೇಲೆ ಉದುರಿಸಿ. ಹತ್ತು ನಿಮಿಷದಲ್ಲಿ ಅವೇ ಹತ್ತಿಕೊಳ್ಳುತ್ತವೆ. ಆಮೇಲೆ ಎಲೆ ಸಮೇತ ಡಬ್ಬಕ್ಕೆ ಹಾಕಿ. ಹಿಂದೆ ಉಳಿದವನ್ನು ಕೋಳಿ ಗರಿಯಿಂದಲೋ ಮೆದು ಬ್ರಷ್‌ನಿಂದಲೋ ಸರಿಸಿ.

ಮೊದಲ ಎರಡು ಹಂತದಲ್ಲಿ, ಅಂದರೆ ಎರಡನೇ ಜ್ವರದವರೆಗೆ, 26–28 ಡಿಗ್ರಿ ಬೆಚ್ಚಗೆ, ಗಾಳಿಯಲ್ಲಿ ತೇವ ಜಾಸ್ತಿ ಇರಬೇಕು. ಚೂರು ಎಲೆ ಬೇಗ ಒಣಗುತ್ತದೆ, ಒಣಗಿದ ಎಲೆಯ ಮೇಲೆ ಮರಿ ಕೂತಿದ್ದರೂ ಹಸಿದೇ ಇರುತ್ತದೆ. ಅದಕ್ಕೆ ಡಬ್ಬದ ಮೇಲೆ ಮೇಣದ ಕಾಗದ ಮುಚ್ಚಿ, ಮೂಲೆಗಳಲ್ಲಿ ಒದ್ದೆ ಸ್ಪಂಜು ಇಡಿ. ಎಲೆ ಹಾಕುವ ಅರ್ಧ ಗಂಟೆ ಮುಂಚೆ ಕಾಗದ ತೆಗೆದು ಗಾಳಿಯಾಡಲು ಬಿಡಿ.

ಜ್ವರ ಅಂದರೆ ಕಾಯಿಲೆ ಅಲ್ಲ

ರೇಷ್ಮೆ ಸಾಕುವವರು ಹುಳು ಪೊರೆ ಬಿಡುವುದನ್ನು ‘ಜ್ವರ’ ಅಂತಾರೆ. ಜ್ವರಕ್ಕೆ ಕೂತಿದೆ, ಜ್ವರದಿಂದ ಎದ್ದಿದೆ ಅನ್ನುವುದು ರೂಢಿ. ಹುಳುವಿನ ಜೀವನದಲ್ಲಿ ಐದು ಹಂತ, ನಡುವೆ ನಾಲ್ಕು ಜ್ವರ. ಮೊದಲ ಮೂರು ಹಂತ ಮೂರು ಮೂರು ದಿನದ ಆಸುಪಾಸು, ನಾಲ್ಕನೆಯದು ನಾಲ್ಕೈದು ದಿನ, ಐದನೆಯದು ಒಂದು ವಾರ. ಚಳಿ ಇದ್ದರೆ ಎಲ್ಲವೂ ಎಳೆಯುತ್ತದೆ.

ಹೊಸಬರು ತಪ್ಪುವುದು ಇಲ್ಲೇ. ಚೆನ್ನಾಗಿ ತಿನ್ನುತ್ತಿದ್ದ ಹುಳು ಒಂದು ದಿನ ತಿನ್ನುವುದು ನಿಲ್ಲಿಸುತ್ತದೆ. ಮುಂಭಾಗ ಎತ್ತಿ, ತಲೆ ಮೇಲೆ ಮಾಡಿ, ಕಲ್ಲಿನಂತೆ ಕೂರುತ್ತದೆ. ಚರ್ಮ ಬಿಗಿದು ಹೊಳೆಯುತ್ತದೆ. ಗಾಬರಿಯಾಗಿ ಅಲುಗಾಡಿಸುತ್ತಾರೆ, ಹೊಸ ಎಲೆ ತುರುಕುತ್ತಾರೆ, ಜಾಗ ಬದಲಿಸುತ್ತಾರೆ. ಏನೂ ಮಾಡಬೇಡಿ. ಅದು ತನ್ನ ಹಿಂಗಾಲುಗಳನ್ನು ಎಳೆ ನೂಲಿನಿಂದ ಹಾಸಿಗೆಗೆ (ಡಬ್ಬದಲ್ಲಿ ಹಾಸಿದ ಎಲೆಗೆ) ಕಟ್ಟಿಕೊಂಡಿರುತ್ತದೆ, ಹಳೆ ಚರ್ಮದಿಂದ ಜಾರಿ ಹೊರಗೆ ಬರುವುದಕ್ಕೆ ಆ ಹಿಡಿತ ಬೇಕು. ನೀವು ಕಿತ್ತರೆ ಪೊರೆ ಅರ್ಧಕ್ಕೆ ಸಿಕ್ಕಿಕೊಂಡು ಹುಳು ಸಾಯುತ್ತದೆ.

ಆಗ ಮಾಡಬೇಕಾದದ್ದು ಎರಡೇ. ಹಾಸಿಗೆ ಒಣಗಲು ಬಿಡಿ, ಮುಚ್ಚಿದ ಕಾಗದ ತೆಗೆಯಿರಿ. ಮತ್ತೆ ಕಾಯಿರಿ, ಒಂದು ದಿನ, ಕೆಲವು ಸಲ ಸ್ವಲ್ಪ ಜಾಸ್ತಿ.

ಈ ಹೊತ್ತಲ್ಲಿ ಭೂತಗನ್ನಡಿ ಹಿಡಿದು ತಲೆಯ ಹಿಂದೆ ನೋಡಿ. ಹಳೆಯ ಪುಟ್ಟ ತಲೆಯ ಹಿಂದೆ, ಚರ್ಮದ ಅಡಿಯಲ್ಲಿ, ಒಂದು ಮಾಸಲು ತ್ರಿಕೋನ ಕಾಣುತ್ತದೆ. ಅದು ಹೊಸ ತಲೆ. ಹುಳುವಿನ ಮೈ ಹಿಗ್ಗುತ್ತದೆ, ಆದರೆ ತಲೆಯ ಚಿಪ್ಪು ಗಟ್ಟಿ, ಹಿಗ್ಗುವುದಿಲ್ಲ, ಹಾಗಾಗಿ ಪ್ರತಿ ಸಲ ಹೊಸದನ್ನೇ ಮಾಡಿಕೊಳ್ಳಬೇಕು. ಜ್ವರ ಬಿಡುವ ಗಳಿಗೆಯಲ್ಲಿ ಹಳೆ ತಲೆಯ ಚಿಪ್ಪು ಟೋಪಿಯಂತೆ ಮುಂದಕ್ಕೆ ಕಳಚುತ್ತದೆ, ಹಿಂದೆ ಚರ್ಮ ಕಾಲುಚೀಲದಂತೆ ಸುರುಳಿಯಾಗಿ ಹಿಂದಕ್ಕೆ ಸರಿಯುತ್ತದೆ. ಹೊಸ ತಲೆ ಮೈಗೆ ಹೋಲಿಸಿದರೆ ದೊಡ್ಡದಾಗಿ, ಮಸುಕು ಬಣ್ಣದಲ್ಲಿ, ಮಗುವಿಗೆ ದೊಡ್ಡವರ ಟೋಪಿ ಹಾಕಿದಂತೆ ಕಾಣುತ್ತದೆ. ಆ ತಲೆ ಕಂಡರೆ ಅದು ಎದ್ದ ಹುಳು ಅಂತ ಅರ್ಥ.

ಒಂದೆರಡು ಎದ್ದ ತಕ್ಷಣ ಎಲೆ ಹಾಕಬೇಡಿ. ಬಹುತೇಕ ಎಲ್ಲವೂ ಏಳುವವರೆಗೆ ಕಾಯಿರಿ. ಮೊದಲೆದ್ದವು ಕೆಲವು ಗಂಟೆ ಹಸಿದಿದ್ದರೆ ತೊಂದರೆಯಿಲ್ಲ, ಆದರೆ ಕೂತಿರುವವುಗಳ ಮೇಲೆ ಎಲೆ ಬಿದ್ದು ಒದ್ದೆಯಾದರೆ ತೊಂದರೆ.

ಹಾಸಿಗೆ ಶುಚಿ ಮಾಡಲು ಹುಳುವನ್ನು ಒಂದೊಂದಾಗಿ ಎತ್ತುವುದು ಬೇಡ. ಹಳೆ ಸೊಳ್ಳೆ ಪರದೆಯ ತುಂಡು, ಹುಳು ನುಸುಳುವಷ್ಟು ಕಣ್ಣಿರುವುದು, ಹುಳುಗಳ ಮೇಲೆ ಹಾಸಿ. ಅದರ ಮೇಲೆ ತಾಜಾ ಎಲೆ ಹಾಕಿ. ಅವು ಮೇಲೆ ಬಂದ ಮೇಲೆ ಪರದೆ ಎತ್ತಿದರೆ ಕೆಳಗೆ ಹಿಕ್ಕೆ, ಹಳೆ ಎಲೆ ಮಾತ್ರ ಉಳಿಯುತ್ತದೆ. ಹುಳು ದೊಡ್ಡದಾದಂತೆ ದೊಡ್ಡ ಕಣ್ಣಿನ ಬಲೆ ಬೇಕು. ಐದನೇ ಹಂತದಲ್ಲಿ ಇದನ್ನು ದಿನಾ ಮಾಡಿ. ತೆಗೆದ ಹಿಕ್ಕೆ ಗಿಡದ ಬುಡಕ್ಕೆ ಹಾಕಿ, ಒಳ್ಳೆ ಗೊಬ್ಬರ.

ಕೊನೆಯ ವಾರ

ನಾಲ್ಕನೇ ಜ್ವರ ಕಳೆದ ಮೇಲೆ ಮನೆಯ ಲೆಕ್ಕವೇ ಬದಲಾಗುತ್ತದೆ. ಎಲೆ ಹೆಚ್ಚುವುದು ಬೇಕಿಲ್ಲ, ಬಲಿತ ಎಲೆ ಇಡಿಯಾಗಿ ಹಾಕಿ, ಇಲ್ಲವೇ ಎಲೆ ಸಮೇತ ಕಡ್ಡಿಯನ್ನೇ ಮಲಗಿಸಿ. ರಾತ್ರಿ ಮಲಗುವ ಮುಂಚಿನ ಹೊತ್ತು ಧಾರಾಳವಾಗಿರಲಿ. ಈಗ 24–25 ಡಿಗ್ರಿ ತಂಪು, ಒಳ್ಳೆ ಗಾಳಿ, ಒಣ ಹಾಸಿಗೆ ಬೇಕು. ಮೊದಲಿನ ಹಾಗೆ ಮುಚ್ಚಿಟ್ಟರೆ ಕೊಳೆತು ರೋಗ ಬರುತ್ತದೆ.

ಒಂದು ಹುಳು ತಿನ್ನುವುದನ್ನು ಐದು ನಿಮಿಷ ನೋಡಿ. ಮುಂದಿನ ಮೂರು ಜೊತೆ ಪುಟ್ಟ ಕಾಲುಗಳಿಂದ ಎಲೆಯ ಅಂಚನ್ನು ಎರಡೂ ಕಡೆಯಿಂದ ಹಿಡಿದು, ತಲೆಯನ್ನು ಮೇಲೆ ಚಾಚಿ, ಅಂಚಿನುದ್ದಕ್ಕೂ ಕಚ್ಚುತ್ತಾ ಕೆಳಗೆ ಬರುತ್ತದೆ, ಮತ್ತೆ ಮೇಲೆ ಹೋಗುತ್ತದೆ, ಪ್ರತಿ ಸಲ ಒಂದು ಕೂದಲೆಳೆಯಷ್ಟು ಒಳಗೆ. ಎಲೆಯಲ್ಲಿ ಕಮಾನಿನಂತೆ ಕತ್ತರಿಸಿದ ಗುರುತು ಉಳಿಯುತ್ತದೆ. ಬದಿಯಲ್ಲಿ ಸಾಲಾಗಿರುವ ಕಪ್ಪು ಚುಕ್ಕೆಗಳು ಉಸಿರಾಡುವ ರಂಧ್ರಗಳು, ಒಂದೊಂದು ಕಡೆ ಒಂಬತ್ತು. ಬೆನ್ನಿನ ನಡುವೆ, ತೆಳು ಚರ್ಮದ ಕೆಳಗೆ, ಒಂದು ಕಪ್ಪು ಗೆರೆ ಬಾಲದಿಂದ ತಲೆಯ ಕಡೆಗೆ ಅಲೆಯಂತೆ ಮಿಡಿಯುತ್ತದೆ. ಅದು ಹೃದಯ. ಹುಳುವಿನ ಹೃದಯ ಬಡಿತ ಬರಿಗಣ್ಣಿಗೆ ಕಾಣುತ್ತದೆ, ಎಣಿಸಲೂಬಹುದು. ಬಿಸಿ ಜಾಗದಲ್ಲೊಮ್ಮೆ, ತಂಪಿನಲ್ಲೊಮ್ಮೆ ಎಣಿಸಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ.

ಕಾಯಬೇಕಾದ ಶತ್ರುಗಳು

ಇರುವೆ, ಹಲ್ಲಿ, ಇಲಿ. ಡಬ್ಬ ಇಟ್ಟ ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿದರೆ ಇರುವೆ ಬರುವುದಿಲ್ಲ. ಊಜಿ ನೊಣ ಇರುವ ಕಡೆ ಬಲೆ ಬೇಕೇ ಬೇಕು. ಅದು ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಮರಿ ಒಳಗೆ ಹೊಕ್ಕ ಜಾಗದಲ್ಲಿ ಕಪ್ಪು ಕಲೆ ಬೀಳುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಶತ್ರು ನಮ್ಮ ಮನೆಯೊಳಗೇ ಇದೆ. ಸೊಳ್ಳೆ ಬತ್ತಿ, ಸೊಳ್ಳೆ ಯಂತ್ರದ ದ್ರವ, ಜಿರಳೆಗೆ ಹೊಡೆಯುವ ಸ್ಪ್ರೇ, ತಂಬಾಕು. ಒಂದು ಸಲ ನನ್ನ ಹುಳುಗಳು ಐದನೇ ಹಂತದ ನಾಲ್ಕನೇ ದಿನದಲ್ಲಿದ್ದವು. ಪಕ್ಕದ ಕೋಣೆಯಲ್ಲಿ ರಾತ್ರಿ ಸೊಳ್ಳೆ ಬತ್ತಿ ಹಚ್ಚಿದ್ದೆ, ನಡುವಿನ ಬಾಗಿಲು ಮುಚ್ಚಿದ್ದೇನೆ ಅಂದುಕೊಂಡಿದ್ದೆ, ಮುಚ್ಚಿರಲಿಲ್ಲ. ಬೆಳಿಗ್ಗೆ ನೋಡಿದರೆ ಹುಳುಗಳು ತಲೆ ಅತ್ತಿತ್ತ ಹೊಡೆಯುತ್ತಾ, ಹಸಿರು ರಸ ಕಾರುತ್ತಾ, ಮೈ ಕುಗ್ಗಿಸಿಕೊಂಡು ಬಿದ್ದಿದ್ದವು. ಸಂಜೆಗೆ ಒಂದೂ ಉಳಿಯಲಿಲ್ಲ. ಅವತ್ತು ಕಿತ್ತು ತಂದಿದ್ದ ಎಲೆ ಒದ್ದೆ ಬಟ್ಟೆಯಲ್ಲಿ ಹಾಗೇ ಇತ್ತು. ಈಗಲೂ ಅದನ್ನು ನೆನೆದರೆ ಸಂಕಟವಾಗುತ್ತದೆ. ಸೊಳ್ಳೆ ಪರದೆ ಕಟ್ಟಿ ಮಲಗಿ, ಬತ್ತಿ ಬೇಡ.

ರೋಗಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಗೆಣ್ಣು ಗೆಣ್ಣು ಊದಿಕೊಂಡು, ಚರ್ಮ ಒಡೆದು ಹಾಲಿನಂಥ ರಸ ಸುರಿದರೆ ಅದು ಹಾಲುತೊಂಡೆ, ವೈರಸ್‌ನಿಂದ ಬರುತ್ತದೆ. ಮೈ ಸಡಿಲವಾಗಿ ಜೋತುಬಿದ್ದರೆ ಸಪ್ಪೆ ರೋಗ. ಸತ್ತ ಹುಳು ಸೀಮೆಸುಣ್ಣದ ಕಡ್ಡಿಯಂತೆ ಬಿಳುಪಾಗಿ ಗಟ್ಟಿಯಾದರೆ ಸುಣ್ಣಕಟ್ಟು, ಅದು ಶಿಲೀಂಧ್ರದ ಕೆಲಸ. ಇಟಲಿಯ ಅಗೊಸ್ಟಿನೊ ಬಾಸ್ಸಿ ಈ ಸುಣ್ಣಕಟ್ಟು ರೋಗ ಒಂದು ಸೂಕ್ಷ್ಮಜೀವಿಯಿಂದ ಬರುತ್ತದೆ ಅಂತ 1835ರಲ್ಲಿ ಪ್ರಕಟಿಸಿದ. ಪ್ರಾಣಿಗಳಿಗೆ ರೋಗ ತರುವುದು ಕಣ್ಣಿಗೆ ಕಾಣದ ಜೀವಿ ಅಂತ ತೋರಿಸಿಕೊಟ್ಟ ಮೊದಮೊದಲ ಕೆಲಸಗಳಲ್ಲಿ ಅದೂ ಒಂದು. ಇನ್ನೊಂದು ಗಂಟು ರೋಗ, ತಾಯಿಯಿಂದ ಮೊಟ್ಟೆಗೇ ದಾಟುವಂಥದ್ದು. ಫ್ರಾನ್ಸಿನಲ್ಲಿ 1865ರಿಂದ ಲೂಯಿ ಪಾಶ್ಚರ್ ಇದರ ಬೆನ್ನು ಹತ್ತಿ, ಮೊಟ್ಟೆ ಇಟ್ಟ ತಾಯಿ ಪತಂಗವನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿದ್ದರೆ ಅದರ ಮೊಟ್ಟೆಗಳನ್ನು ನಾಶಮಾಡುವ ದಾರಿ ಹಾಕಿಕೊಟ್ಟ. ಇವತ್ತಿಗೂ ಮೊಟ್ಟೆ ತಯಾರಿಸುವವರು ತಾಯಿ ಪತಂಗವನ್ನು ಪರೀಕ್ಷೆ ಮಾಡುತ್ತಾರೆ. ಹಾಗಾಗಿ ಮೊಟ್ಟೆಯನ್ನು ನಂಬಿಕೆಯ ಕಡೆಯಿಂದಲೇ ತನ್ನಿ.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟು: ಕಾಯಿಲೆ ಹುಳುವನ್ನು ಕಂಡ ಕೂಡಲೇ ಚಿಮಟದಿಂದ ಎತ್ತಿ ದೂರ ಹೂತುಬಿಡಿ, ಕೈ ತೊಳೆದೇ ಎಲೆ ಮುಟ್ಟಿ, ಗುಂಪು ದಟ್ಟ ಮಾಡಬೇಡಿ. ಔಷಧಿ ಅಂತ ಹುಡುಕಿಕೊಂಡು ಹೋಗಬೇಡಿ, ಆ ಹುಳು ಉಳಿಯುವುದಿಲ್ಲ.

ಹುಳು ಹಣ್ಣಾದಾಗ

ಐದನೇ ಹಂತದ ಕೊನೆಗೆ ಹುಳು ಎಲೆಯಿಂದ ಮುಖ ತಿರುಗಿಸುತ್ತದೆ. ಮೈ ಸ್ವಲ್ಪ ಗಿಡ್ಡವಾಗಿ, ಬಿಳಿ ಬಣ್ಣ ಹೋಗಿ ಜೇನಿನಂತೆ ಪಾರದರ್ಶಕವಾಗುತ್ತದೆ. ಬೆಳಕಿಗೆ ಹಿಡಿದರೆ ಒಳಗೆ ತುಂಬಿಕೊಂಡ ರೇಷ್ಮೆಯ ಛಾಯೆ ಕಾಣುತ್ತದೆ. ಹಿಕ್ಕೆ ಮೆತ್ತಗಾಗುತ್ತದೆ. ತಲೆ ಎತ್ತಿ ಗಾಳಿಯಲ್ಲಿ ಏನನ್ನೋ ಹುಡುಕುವಂತೆ ಆಡಿಸುತ್ತಾ ಡಬ್ಬದ ಗೋಡೆ ಹತ್ತುತ್ತದೆ. ಇದಕ್ಕೆ ಹಣ್ಣಾದ ಹುಳು ಅಂತಾರೆ. ಈಗ ಅದಕ್ಕೆ ಮೂಲೆ ಬೇಕು.

ದೊಡ್ಡದಾಗಿ ಸಾಕುವವರು ಚಂದ್ರಿಕೆಗೆ, ಅಂದರೆ ಬಿದಿರಿನ ಪಟ್ಟಿಯನ್ನು ಸುರುಳಿಯಾಗಿ ಕೂರಿಸಿದ ತಟ್ಟೆಗೆ, ಬಿಡುತ್ತಾರೆ. ನಿಮಗೆ ರಟ್ಟನ್ನು ಮಡಚಿ ಮಾಡಿದ ಸಣ್ಣ ಸಣ್ಣ ಮನೆಗಳು ಸಾಕು, ಒಂದೊಂದು ಹೆಬ್ಬೆರಳು ಹೊಗುವಷ್ಟು ಅಗಲ. ಒಂದು ಮನೆಗೆ ಒಂದೇ ಹುಳು. ಎರಡು ಬಿಟ್ಟರೆ ಎರಡೂ ಸೇರಿ ಒಂದೇ ಗೂಡು ಕಟ್ಟಿ ನೂಲು ಗಂಟು ಮಾಡುತ್ತವೆ. ಅಡಿಗೆ ಕಾಗದ ಹಾಸಿ, ಗೂಡು ಕಟ್ಟುವ ಮುಂಚೆ ಹೊಟ್ಟೆಯಲ್ಲಿ ಉಳಿದದ್ದನ್ನೆಲ್ಲ ಅದು ಹೊರಗೆ ಹಾಕುತ್ತದೆ.

ಮೊದಲು ಸುತ್ತ ಜೇಡರ ಬಲೆಯಂಥ ಆಸರೆ ಹೊಸೆಯುತ್ತದೆ. ಆಮೇಲೆ ಒಳಗೆ ಕೂತು ತಲೆಯನ್ನು ಇಂಗ್ಲಿಷಿನ ಎಂಟರ ಆಕಾರದಲ್ಲಿ ಆಡಿಸುತ್ತಾ ನೂಲು ಬಿಡುತ್ತದೆ, ಸೆಕೆಂಡಿಗೆ ಸುಮಾರು ಒಂದು ಸೆಂಟಿಮೀಟರ್, ಎರಡು ಮೂರು ದಿನ ಹಗಲೂ ರಾತ್ರಿ. ಒಳ್ಳೆ ಗೂಡಿನಲ್ಲಿ ತುಂಡಾಗದ ನೂಲು ಒಂದು ಕಿಲೋಮೀಟರ್ ದಾಟುತ್ತದೆ. ಮೊದಲ ಕೆಲವು ಗಂಟೆ ಗೋಡೆ ತೆಳುವಾಗಿರುತ್ತದೆ, ಟಾರ್ಚ್ ಬೆಳಕಿನಲ್ಲಿ ಒಳಗಿನ ತಲೆ ಅಲ್ಲಾಡುವುದು ಕಾಣುತ್ತದೆ. ಆ ಹೊತ್ತಲ್ಲಿ ಅಲುಗಿಸಬೇಡಿ, ಗಾಳಿ ಚೆನ್ನಾಗಿರಲಿ.

ನೂಲು ಬೇಕಾದವರು ಪತಂಗ ಹೊರಬರುವ ಮುಂಚೆಯೇ ಗೂಡನ್ನು ಬಿಸಿಗೆ ಒಡ್ಡುತ್ತಾರೆ, ಒಳಗಿನ ಜೀವ ಅಲ್ಲಿಗೆ ಮುಗಿಯುತ್ತದೆ. ನೀವು ನೋಡಲು ಸಾಕಿದವರು, ಬಿಟ್ಟುಬಿಡಿ.

ಎಂಟನೇ ದಿನದ ಸುಮಾರಿಗೆ ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಒಳಗೆ ಟಕ್ ಟಕ್ ಅಂದರೆ ಕೋಶ (ಹುಳು ಪತಂಗವಾಗುವ ನಡುವಿನ ರೂಪ) ಗಟ್ಟಿಯಾಗಿದೆ. ಬ್ಲೇಡಿನಿಂದ ಒಂದು ತುದಿಯನ್ನು ಜೋಪಾನವಾಗಿ ಕತ್ತರಿಸಿ, ಕಂದು ಬಣ್ಣದ ಕೋಶವನ್ನು ಅಂಗೈಗೆ ಜಾರಿಸಿ. ಪಕ್ಕದಲ್ಲಿ ಹುಳು ಕಳಚಿಟ್ಟ ಕೊನೆಯ ಚರ್ಮ ಮುದುಡಿಕೊಂಡು ಬಿದ್ದಿರುತ್ತದೆ. ಕೋಶದ ಹಿಂಭಾಗದ ಅಡಿ ನೋಡಿ. ಹೆಣ್ಣಾದರೆ ದಪ್ಪ ಹೊಟ್ಟೆ, ಗುಣಾಕಾರದ ಚಿಹ್ನೆಯಂಥ ಗೆರೆ. ಗಂಡಾದರೆ ಒಂದು ಚುಕ್ಕೆ ಮಾತ್ರ. ನೋಡಿ ಆದ ಮೇಲೆ ವಾಪಸ್ ಗೂಡಿಗೆ ಹಾಕಿ ಇಡಿ, ಅದಕ್ಕೇನೂ ಆಗುವುದಿಲ್ಲ.

ಪತಂಗದ ಕೆಲವೇ ದಿನ

ಗೂಡು ಕಟ್ಟಿ ಹೆಚ್ಚುಕಡಿಮೆ ಎರಡು ವಾರಕ್ಕೆ, ಬೆಳಗಿನ ಜಾವದಲ್ಲಿ, ಗೂಡಿನ ಒಂದು ತುದಿ ಒದ್ದೆಯಾಗುತ್ತದೆ. ಒಳಗಿನಿಂದ ಪತಂಗ ಬಾಯಿಯ ಹತ್ತಿರ ಒಂದು ಕಿಣ್ವದ ರಸ ಬಿಟ್ಟು, ಎಳೆಗಳನ್ನು ಅಂಟಿಸಿಟ್ಟ ಗೋಂದನ್ನು ಕರಗಿಸಿ, ತಲೆಯಿಂದ ತಳ್ಳಿಕೊಂಡು ಬರುತ್ತದೆ. ರೆಕ್ಕೆ ಮುದ್ದೆಯಾಗಿರುತ್ತದೆ, ಸ್ವಲ್ಪ ಹೊತ್ತಿನಲ್ಲಿ ಅರಳುತ್ತದೆ. ಕೆನೆ ಬಣ್ಣ, ಮೇಲೆ ಮಾಸಲು ಗೆರೆ. ಕಂದು ರಸ ಹೊರಗೆ ಹಾಕುತ್ತದೆ, ಅದು ಸಹಜ, ಕಾಗದ ಹಾಸಿಡಿ.

ರೆಕ್ಕೆ ಇದೆ, ಹಾರಲಾರದು. ಸುಮಾರು 5000 ವರ್ಷ ಮನುಷ್ಯರ ಕೈಯಲ್ಲಿ ಬೆಳೆದು ಆ ಶಕ್ತಿ ಹೋಯಿತು. ಇದರ ಕಾಡು ಪೂರ್ವಜರು ಚೀನಾದ ಕಡೆ ಈಗಲೂ ಹಿಪ್ಪುನೇರಳೆ ಮರಗಳಲ್ಲೇ ಬದುಕಿವೆ, ಹಾರುತ್ತವೆ. ನಮ್ಮದನ್ನು ಮರದ ಮೇಲೆ ಬಿಟ್ಟು ‘ಸ್ವಾತಂತ್ರ್ಯ ಕೊಟ್ಟೆ’ ಅನ್ನಬೇಡಿ, ಒಂದೆರಡು ದಿನದಲ್ಲಿ ಹಕ್ಕಿಯ ಪಾಲಾಗುತ್ತದೆ.

ಹೆಣ್ಣು ಬಂದ ಜಾಗದಲ್ಲೇ ಕೂತು ಹೊಟ್ಟೆಯ ತುದಿಯಿಂದ ಎರಡು ಹಳದಿ ಗುಳ್ಳೆಗಳನ್ನು ಹೊರಚಾಚುತ್ತದೆ. ಅಲ್ಲಿಂದ ಹೊರಡುವ ವಾಸನೆಯ ಹೆಸರು ಬಾಂಬಿಕಾಲ್. ಜರ್ಮನಿಯ ಅಡಾಲ್ಫ್ ಬ್ಯುಟೆನಾಂಟ್ ತಂಡ ಸುಮಾರು ಐದು ಲಕ್ಷ ಹೆಣ್ಣು ಪತಂಗಗಳಿಂದ ಇದನ್ನು ಬೇರ್ಪಡಿಸಿ 1959ರಲ್ಲಿ ಪ್ರಕಟಿಸಿತು. ಹೀಗೆ ಗುರುತು ಸಿಕ್ಕ ಮೊದಲ ಫೆರೊಮೋನ್ (ಒಂದೇ ಜಾತಿಯ ಪ್ರಾಣಿಗಳ ನಡುವೆ ಸುದ್ದಿ ಮುಟ್ಟಿಸುವ ರಾಸಾಯನಿಕ) ಇದೇ. ನಮಗೆ ಏನೂ ವಾಸನೆ ಬರುವುದಿಲ್ಲ, ಆದರೆ ಗಂಡು ಬಾಚಣಿಗೆಯಂಥ ಮೀಸೆಯಲ್ಲಿ ಅದನ್ನು ಹಿಡಿದು, ರೆಕ್ಕೆ ಬಡಿಯುತ್ತಾ, ಸುತ್ತು ಹಾಕುತ್ತಾ ಅದರ ಕಡೆ ಓಡುತ್ತದೆ.

ಇದನ್ನು ನೀವೇ ಪರೀಕ್ಷೆ ಮಾಡಬಹುದು. ಹೆಣ್ಣಿನ ಮೇಲೆ ಗಾಜಿನ ಲೋಟ ಬಿಗಿಯಾಗಿ ಬೋರಲು ಹಾಕಿ. ಗಂಡನ್ನು ಹೊರಗೆ ಬಿಡಿ. ಎದುರಿಗೇ ಕಾಣುತ್ತಿದ್ದರೂ ಗಂಡು ಆ ಕಡೆ ತಿರುಗುವುದಿಲ್ಲ. ಈಗ ಹೆಣ್ಣು ಒಂದರ್ಧ ಗಂಟೆ ಕೂತಿದ್ದ ಕಾಗದದ ಚೂರನ್ನು ಗಂಡಿನ ಮುಂದಿಡಿ. ರೆಕ್ಕೆ ಬಡಿದುಕೊಂಡು ಆ ಖಾಲಿ ಕಾಗದದ ಸುತ್ತಲೇ ಕುಣಿಯುತ್ತದೆ. ಮಕ್ಕಳು ಇದನ್ನು ಮತ್ತೆ ಮತ್ತೆ ನೋಡಬೇಕು ಅಂತಾರೆ. ಆದರೆ ಗಂಡಿನ ಹತ್ತಿರ ಇರುವುದು ಹುಳುವಾಗಿದ್ದಾಗ ಕೂಡಿಟ್ಟ ಶಕ್ತಿ ಮಾತ್ರ ಅಲ್ವಾ, ಒಂದೆರಡು ಸಲಕ್ಕೆ ನಿಲ್ಲಿಸಿ.

ಜೋಡಿಯಾದ ಮೇಲೆ ಮೂರು ನಾಲ್ಕು ಗಂಟೆ ಬಿಟ್ಟು ಮೆಲ್ಲಗೆ ತಿರುಗಿಸಿ ಬೇರ್ಪಡಿಸಿ. ಹೆಣ್ಣನ್ನು ಒರಟು ಕಾಗದದ ಮೇಲೆ, ಬಟ್ಟಲು ಮುಚ್ಚಿ ಕತ್ತಲಲ್ಲಿಡಿ. ಒಂದು ದಿನದೊಳಗೆ ಬಹುಪಾಲು ಮೊಟ್ಟೆ ಇಟ್ಟು ಮುಗಿಸುತ್ತದೆ, 300ರಿಂದ 500ರವರೆಗೆ, ಒಂದರ ಪಕ್ಕ ಒಂದು, ಅಂಟಿಸಿದಂತೆ. ಆಮೇಲೆ ಕೆಲವು ದಿನ ಸುಮ್ಮನೆ ಕೂತಿದ್ದು ಸಾಯುತ್ತದೆ.

ಮೊಟ್ಟೆ ಮೊದಲು ನಿಂಬೆ ಹಳದಿ. ನಾಲ್ಕೈದು ದಿನ ಕಾದು ನೋಡಿ. ಹಳದಿಯಾಗಿಯೇ ಉಳಿದವು ಹತ್ತು ಹನ್ನೆರಡು ದಿನಕ್ಕೆ ಒಡೆಯುತ್ತವೆ, ಇಲ್ಲವೇ ಗಂಡು ಕೂಡದ ಬರಡು ಮೊಟ್ಟೆಗಳಾಗಿದ್ದು ಗುಳಿಬಿದ್ದು ಒಣಗುತ್ತವೆ. ಬೂದು ಬಣ್ಣಕ್ಕೆ ತಿರುಗಿದವು ಚಳಿಗಾಲ ಕಳೆಯದೆ ಏಳುವುದಿಲ್ಲ. ಅವನ್ನು ಕೆಲವು ವಾರ ಹೊರಗಿಟ್ಟು, ಆಮೇಲೆ ಗಾಳಿಯಾಡುವ ಕಾಗದದ ಲಕೋಟೆಯಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿಡಿ, 5 ಡಿಗ್ರಿ ಸುಮಾರು, ಮೂರು ತಿಂಗಳಾದರೂ. ಮೇಲಿನ ಐಸ್ ಪೆಟ್ಟಿಗೆಗೆ ಹಾಕಬೇಡಿ. ಲಕೋಟೆಯ ಮೇಲೆ ತಾರೀಖು ಬರೆಯಿರಿ.

ಹೊರಗೆ ತೆಗೆಯುವ ದಿನವನ್ನು ಕ್ಯಾಲೆಂಡರ್ ನೋಡಿ ಗೊತ್ತುಮಾಡಬೇಡಿ. ಗಿಡದ ಹತ್ತಿರ ಹೋಗಿ ನೋಡಿ. ಕೊಂಬೆ ಸವರಿದ್ದರೆ ಹೊಸ ಚಿಗುರು ಬಂದು ತುದಿಯಲ್ಲಿ ಮೂರು ನಾಲ್ಕು ಎಲೆ ಹೊಳೆಯಲು ಶುರುವಾದಾಗ ಲಕೋಟೆ ತೆಗೆಯಿರಿ. ಮೊಟ್ಟೆ ಒಡೆಯುವಷ್ಟರಲ್ಲಿ, ಆ ಕಪ್ಪು ಮರಿಗಳ ಬಾಯಿಗೆ ಆಗುವಷ್ಟು ಎಳೆಯ ಎಲೆ ತಯಾರಿರುತ್ತದೆ.